ತಾಳೆಪಟ್ಟಿ ಸರಿಯಿದೆ, ಲೆಕ್ಕ ತಪ್ಪಿದೆ: ಬಿಪಿ, ಮೆದುಳಿನ ರಕ್ತನಾಳ ಮತ್ತು ಎಂಆರ್‌ಐ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಹತ್ತನೇ ತರಗತಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ಮುಟ್ಟಿದವಳಲ್ಲ. ಈ ಸಂಚಿಕೆಗೆ ಎಂಆರ್‌ಐ ಬಗ್ಗೆ ಬರೆಯುತ್ತೇನೆ ಎಂದಾಗ ವಿಜ್ಞಾನ ವಿಭಾಗದ ಗೆಳತಿಯರು ನಕ್ಕರು. ಬರೆಯಲು ಕಾರಣ ನಮ್ಮ ದಾದಿ. ಕನ್ನಡದಲ್ಲಿ ದಾದಿ ಎಂದರೆ ನರ್ಸ್, ನಮ್ಮ ಉರ್ದು ಮನೆಯಲ್ಲಿ ಅಬ್ಬಾನ ತಾಯಿ.

ದಾದಿಗೆ ಹತ್ತು ವರ್ಷಗಳಿಂದ ಬಿಪಿ ಇದೆ. ಮೆಡಿಕಲ್ ಶಾಪಿನಿಂದ ಮಾತ್ರೆ ತರುವುದು ನನ್ನ ಕೆಲಸ. ಕಳೆದ ವರ್ಷ ಒಂದು ದಿನ ದಾದಿ, "ಬೇಟಿ, ತಲೆನೋವಿಲ್ಲ, ಚಕ್ಕರ್ ಇಲ್ಲ, ಸುಮ್ಮನೆ ದುಡ್ಡು ಯಾಕೆ ಖರ್ಚು?" ಎಂದರು. ನಾನು ತರಲಿಲ್ಲ. ಅಬ್ಬಾಗೂ ಹೇಳಲಿಲ್ಲ. ಮೂರು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಫಜ್ರ್ ನಮಾಜಿಗೆ ವುಜೂ ಮಾಡಲು ಎದ್ದವರು ಬಚ್ಚಲ ಬಾಗಿಲ ಬಳಿ ಕುಸಿದು ಕುಳಿತರು. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ 190/110.

ತಲೆಯ ಎಂಆರ್‌ಐ ಮಾಡಿಸಿದರು. ಅಲ್ಲಾಹನ ದಯೆ, ದೊಡ್ಡ ಪಾರ್ಶ್ವವಾಯು ಆಗಿರಲಿಲ್ಲ. ಆದರೆ ಡಾಕ್ಟರು ಕಂಪ್ಯೂಟರಿನಲ್ಲಿ ಕೆಲವು ಬಿಳಿ ಮಚ್ಚೆಗಳನ್ನು ತೋರಿಸಿ, "ಇವು ನಿನ್ನೆ ಬಂದವಲ್ಲ, ವರ್ಷಗಳಿಂದ ಸಣ್ಣ ರಕ್ತನಾಳಗಳಿಗೆ ಆಗಿರುವ ಹಾನಿ" ಎಂದರು. ಇನ್ನೊಂದು ಚಿತ್ರದಲ್ಲಿ ಎಲೆಯ ಗೆರೆಗಳಂತೆ ಕಪ್ಪು ಗೆರೆಗಳಿದ್ದವು. ಅವು ಏನೆಂದು ಕೇಳಿದೆ. "ಮೆದುಳಿನಿಂದ ರಕ್ತ ವಾಪಸು ತರುವ ನಾಳಗಳು" ಎಂದರು.

ಮನೆಗೆ ಬಂದ ಮೇಲೆ ಮೂರು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಪಿ ಅಳೆಯುವುದು ತೋಳಿನಲ್ಲಿ, ಹಾನಿ ತಲೆಯಲ್ಲಿ ಹೇಗೆ? ಬರೀ ಕಾಂತಕ್ಕೆ ರಕ್ತನಾಳ ಹೇಗೆ ಕಾಣುತ್ತದೆ? ಇಷ್ಟು ಹಾನಿಯಾಗುತ್ತಿದ್ದರೂ ದಾದಿಗೆ ಯಾಕೆ ಏನೂ ಗೊತ್ತಾಗಲಿಲ್ಲ? ನಮ್ಮ ಜೀವಶಾಸ್ತ್ರ ಉಪನ್ಯಾಸಕರ ಸಹಾಯದಿಂದ ಓದಿ ತಿಳಿದುಕೊಂಡದ್ದನ್ನು ನನ್ನಂಥ ವಾಣಿಜ್ಯದವರಿಗೂ ಅರ್ಥವಾಗುವಂತೆ ಬರೆದಿದ್ದೇನೆ.

1. ಮೊದಲು ಹೆಸರುಗಳು

ನಾವು ಕನ್ನಡದಲ್ಲಿ ಮಾತಾಡುವಾಗ ರಕ್ತನಾಳಕ್ಕೂ "ನರ" ಎನ್ನುತ್ತೇವೆ, ಉರ್ದುವಿನಲ್ಲಿ ಎರಡಕ್ಕೂ "ನಸ್" ಎನ್ನುತ್ತೇವೆ. ಇದರಿಂದ ಗೊಂದಲವಾಗುತ್ತದೆ. ನರ ಸಂದೇಶ ಒಯ್ಯುವ ತಂತು. ರಕ್ತ ಹರಿಯುವುದು ನಾಳಗಳಲ್ಲಿ. ಹೃದಯದಿಂದ ಹೊರಗೆ ರಕ್ತ ಒಯ್ಯುವ ನಾಳ ಅಪಧಮನಿ. ಹೃದಯಕ್ಕೆ ರಕ್ತ ವಾಪಸು ತರುವ ನಾಳ ಅಭಿಧಮನಿ. ಇವೆರಡರ ನಡುವೆ ಕೂದಲಿಗಿಂತ ಸೂಕ್ಷ್ಮವಾದ ಲೋಮನಾಳಗಳಿವೆ.

ರಕ್ತ ಹೋಗಿ ವಾಪಸು ಬರುತ್ತದೆ ಎಂದು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಹೃದಯದ ಬಲಭಾಗದ ರಕ್ತ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂದು ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್-ನಫೀಸ್ 13ನೇ ಶತಮಾನದಲ್ಲಿ ಬರೆದರು. ಇಡೀ ದೇಹದ ರಕ್ತಪರಿಚಲನೆಯನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ವಿವರಿಸಿದರು. ನಡುವಿನ ಲೋಮನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡವರು ಇಟಲಿಯ ಮಾಲ್ಪಿಘಿ, 1661ರಲ್ಲಿ.

ಮೆದುಳಿನ ಅಭಿಧಮನಿಗಳ ಗೋಡೆ ತೆಳು. ಕಾಲಿನ ಅಭಿಧಮನಿಗಳಲ್ಲಿ ಇರುವಂಥ ಕವಾಟಗಳು ಅವುಗಳಲ್ಲಿಲ್ಲ. ಮೆದುಳಿನ ಒಳಗಿನ ಬಿಳಿ ಭಾಗದಿಂದ ಸಣ್ಣ ಅಭಿಧಮನಿಗಳು ರಕ್ತವನ್ನು ಸಂಗ್ರಹಿಸಿ ದೊಡ್ಡವಕ್ಕೆ ಸೇರಿಸುತ್ತವೆ. ಕೊನೆಗೆ ಎಲ್ಲವೂ ಕತ್ತಿನ ಎರಡು ಕಡೆಯ ದೊಡ್ಡ ಅಭಿಧಮನಿಗಳ ಮೂಲಕ ಹೃದಯದ ಕಡೆಗೆ ಇಳಿಯುತ್ತದೆ. ಜುಮಾ ಬಯಾನಿನಲ್ಲಿ ನಾವು ಕೇಳುವ "ಶಹ್‌ರಗ್" ಎಂಬ ಪದ ಕತ್ತಿನ ಈ ನಾಳವನ್ನೇ ನೆನಪಿಸುತ್ತದೆ.

2. ಮೆದುಳಿನ ಜಮಾ-ಖರ್ಚು

ಮೆದುಳಿನ ತೂಕ ದೇಹದ ತೂಕದ ಸುಮಾರು 2%. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20% ಮೆದುಳಿಗೇ ಬೇಕು. ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಅದರ ಮೂಲಕ ಹಾದುಹೋಗುತ್ತದೆ.

ಇಲ್ಲಿಂದ ಮುಂದೆ ನಮ್ಮ ಲೆಕ್ಕಶಾಸ್ತ್ರವೇ. ಅಂಗಡಿಗೆ ಬಂದ ಸರಕು ಎಷ್ಟು, ಉಳಿದು ವಾಪಸು ಹೋದದ್ದು ಎಷ್ಟು ಎಂದು ಗೊತ್ತಾದರೆ ಖರ್ಚಾದದ್ದು ಗೊತ್ತಾಗುತ್ತದೆ. ಇದೇ ನಿಯಮವನ್ನು 1870ರಲ್ಲಿ ಜರ್ಮನಿಯ ಅಡಾಲ್ಫ್ ಫಿಕ್ ರಕ್ತಕ್ಕೆ ಅನ್ವಯಿಸಿದರು.

ಸುಮಾರು ಲೆಕ್ಕ ಹೀಗೆ:
ಅಪಧಮನಿಯ 100 ಮಿ.ಲೀ. ರಕ್ತದಲ್ಲಿ ಆಮ್ಲಜನಕ: 20 ಮಿ.ಲೀ.
ಮೆದುಳಿನಿಂದ ಹೊರಬರುವ 100 ಮಿ.ಲೀ. ರಕ್ತದಲ್ಲಿ: 13.5 ಮಿ.ಲೀ.
ಪ್ರತಿ 100 ಮಿ.ಲೀ.ಗೆ ಖರ್ಚು: 6.5 ಮಿ.ಲೀ.
ನಿಮಿಷಕ್ಕೆ 750 ಮಿ.ಲೀ. ರಕ್ತಕ್ಕೆ: 6.5 × 7.5 = ಸುಮಾರು 49 ಮಿ.ಲೀ.

ಅಂದರೆ ಬಂದ ಆಮ್ಲಜನಕದ ಮೂರನೇ ಒಂದು ಭಾಗವನ್ನು ಮೆದುಳು ಇಟ್ಟುಕೊಳ್ಳುತ್ತದೆ. ಅಭಿಧಮನಿಯ ರಕ್ತ ನೋಡದೆ ಈ ಲೆಕ್ಕ ಮುಗಿಯುವುದಿಲ್ಲ. ಖರೀದಿ ಪುಸ್ತಕ ಮಾತ್ರ ನೋಡಿ ಲಾಭ ಹೇಳಲು ಆಗದ ಹಾಗೆ.

1940ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸೀಮೋರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಈ ಲೆಕ್ಕವನ್ನು ಜೀವಂತ ಮನುಷ್ಯರಲ್ಲಿ ಮಾಡಿದರು. ಅದಕ್ಕಾಗಿ ಒಂದು ಸೂಜಿಯನ್ನು ಅಪಧಮನಿಗೆ, ಇನ್ನೊಂದನ್ನು ಕತ್ತಿನ ಅಭಿಧಮನಿಗೆ ಚುಚ್ಚಿ ರಕ್ತ ತೆಗೆಯಬೇಕಿತ್ತು. 1948ರಲ್ಲಿ ಕೆಟಿ ಮತ್ತು ಸಂಗಡಿಗರು ಅಧಿಕ ರಕ್ತದೊತ್ತಡ ಇರುವವರನ್ನು ಹೀಗೆ ಪರೀಕ್ಷಿಸಿದರು. ಮೆದುಳಿಗೆ ಹೋಗುವ ಒಟ್ಟು ರಕ್ತ ಸಾಮಾನ್ಯರಷ್ಟೇ ಇತ್ತು. ಆಮ್ಲಜನಕದ ಖರ್ಚೂ ಸರಿಯಾಗಿತ್ತು. ಹೆಚ್ಚಾಗಿದ್ದದ್ದು ರಕ್ತನಾಳಗಳ ಪ್ರತಿರೋಧ.

ಇದನ್ನು ಓದಿದಾಗ ನನ್ನ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ತಾಳೆಪಟ್ಟಿಯ ಎರಡು ಬದಿ ಸಮನಾದರೆ ಲೆಕ್ಕ ಪೂರ್ತಿ ಸರಿ ಎಂದು ಅರ್ಥವಲ್ಲ, ಕೆಲವು ತಪ್ಪುಗಳನ್ನು ತಾಳೆಪಟ್ಟಿ ತೋರಿಸುವುದಿಲ್ಲ ಎಂದು ನಾವು ಓದಿದ್ದೇವೆ. ದಾದಿಯ ಮೆದುಳಿನ ಒಟ್ಟು ಲೆಕ್ಕ ತಾಳೆಯಾಗುತ್ತಿತ್ತು. ಅದಕ್ಕೇ ತಲೆನೋವಿಲ್ಲ, ಚಕ್ಕರ್ ಇಲ್ಲ. ಆದರೆ ಆ ಒಟ್ಟು ಮೊತ್ತ ಕಾಯ್ದುಕೊಳ್ಳಲು ಸಣ್ಣ ನಾಳಗಳು ಪ್ರತಿದಿನ ಸವೆಯುತ್ತಿದ್ದವು. ಸವಕಳಿಯನ್ನು ಯಾರೂ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ.

3. ಬಿಪಿ ಎಂದರೆ ಯಾವ ಒತ್ತಡ?

ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು 1896ರಲ್ಲಿ ಇಟಲಿಯ ರಿವಾ-ರೋಚಿ ರೂಪಿಸಿದರು. ಸ್ಟೆತಸ್ಕೋಪಿನಲ್ಲಿ ಶಬ್ದ ಕೇಳಿ ಎರಡು ಅಂಕಿ ಗುರುತಿಸುವ ಕ್ರಮವನ್ನು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತಿಳಿಸಿದರು. 120/80 ಎಂಬುದರಲ್ಲಿ ಮೇಲಿನದು ಹೃದಯ ಒತ್ತಿದಾಗಿನ ಒತ್ತಡ, ಕೆಳಗಿನದು ಹೃದಯ ಸಡಿಲವಾದಾಗಿನದು. ಎರಡೂ ಅಪಧಮನಿಯ ಒತ್ತಡಗಳೇ. ರಕ್ತ ಲೋಮನಾಳ ದಾಟಿ ಅಭಿಧಮನಿಗೆ ಬರುವಾಗ ಒತ್ತಡ ಬಹಳ ಇಳಿದಿರುತ್ತದೆ.

ನನಗಿದ್ದ ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಹೇಳುತ್ತೇನೆ. ಎಂಆರ್‌ಐ ಯಂತ್ರ ತಲೆಯೊಳಗಿನ ಬಿಪಿ ಅಳೆಯುತ್ತದೆ ಎಂದುಕೊಂಡಿದ್ದೆ. ಅದು ಹಾಗೆ ಅಳೆಯುವುದಿಲ್ಲ. ಬಿಪಿ ತೋಳಿನಲ್ಲೇ ಅಳೆಯಬೇಕು. ಎಂಆರ್‌ಐ ತೋರಿಸುವುದು ಆ ಒತ್ತಡದ ಪರಿಣಾಮವನ್ನು: ನಾಳಗಳು ಹೇಗಿವೆ, ರಕ್ತ ಯಾವ ವೇಗದಲ್ಲಿ ಹರಿಯುತ್ತಿದೆ, ಅದರಲ್ಲಿ ಆಮ್ಲಜನಕ ಎಷ್ಟು ಉಳಿದಿದೆ, ಸುತ್ತಲಿನ ಅಂಗಾಂಶಕ್ಕೆ ಏನಾಗಿದೆ. ಎರಡನ್ನೂ ಸೇರಿಸಿ ಓದಿದಾಗ ಅಧ್ಯಯನವಾಗುತ್ತದೆ.

4. ಕಾಂತ ನೋಡುವ ಬಗೆ

ನಮ್ಮ ದೇಹದಲ್ಲಿ ನೀರು ಹೆಚ್ಚು. ನೀರಿನ ಪ್ರತಿ ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣುಗಳಿವೆ. ಅವುಗಳ ಕೇಂದ್ರದಲ್ಲಿರುವ ಪ್ರೋಟಾನ್ ಒಂದು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ ಕಾಂತದ ಶಕ್ತಿ 1.5 ಟೆಸ್ಲಾ ಅಥವಾ 3 ಟೆಸ್ಲಾ. 1.5 ಟೆಸ್ಲಾ ಎಂದರೆ ನಮ್ಮ ಪ್ರದೇಶದಲ್ಲಿ ಭೂಮಿಯ ಕಾಂತಕ್ಷೇತ್ರದ 30,000 ಪಟ್ಟಿಗೂ ಹೆಚ್ಚು.

ಈ ಕ್ಷೇತ್ರದಲ್ಲಿ ಪ್ರೋಟಾನುಗಳು ಬುಗುರಿಯಂತೆ ಒಂದು ನಿಗದಿತ ಲಯದಲ್ಲಿ ತಿರುಗುತ್ತವೆ. 1.5 ಟೆಸ್ಲಾದಲ್ಲಿ ಆ ಲಯ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದಲ್ಲಿ ಸುಮಾರು 128. ನಮ್ಮ ಎಫ್‌ಎಂ ರೇಡಿಯೋ 88ರಿಂದ 108 ಮೆಗಾಹರ್ಟ್ಸ್ ನಡುವೆ ಬರುತ್ತದೆ. ಅಂದರೆ ಒಂದು ಎಫ್‌ಎಂಗಿಂತ ಸ್ವಲ್ಪ ಕೆಳಗೆ, ಇನ್ನೊಂದು ಸ್ವಲ್ಪ ಮೇಲೆ! ಯಂತ್ರ ಅದೇ ಲಯದ ರೇಡಿಯೋ ಅಲೆ ಕಳಿಸಿ ಪ್ರೋಟಾನುಗಳನ್ನು ಅಲುಗಿಸುತ್ತದೆ. ಆಮೇಲೆ ಅವು ಮರಳಿಸುವ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ. ಸಂಕೇತ ಯಾವ ಜಾಗದಿಂದ ಬಂತೆಂದು ತಿಳಿಯಲು ಕಾಂತಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಸ್ವಲ್ಪ ಬದಲಿಸುತ್ತಾರೆ. ಅದಕ್ಕೆ ಬಳಸುವ ಸುರುಳಿಗಳು ಅದುರುವುದರಿಂದಲೇ ಆ ಟಕಟಕ ಶಬ್ದ. ಈ ವಿಧಾನಕ್ಕಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಇದರಲ್ಲಿ ಎಕ್ಸ್-ರೇ ವಿಕಿರಣವಿಲ್ಲ. ಆದರೆ ಕಬ್ಬಿಣದ ವಸ್ತು ಒಳಗೆ ತರಬಾರದು. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹ ಇದ್ದರೆ ಮೊದಲೇ ಹೇಳಬೇಕು. ದಾದಿಯ ಬಳೆ, ಕಿವಿಯೋಲೆ ಎಲ್ಲ ತೆಗೆಸಿ ಅಮ್ಮಿಯ ಕೈಗೆ ಕೊಟ್ಟಿದ್ದರು.

5. ಅಭಿಧಮನಿ ಕಪ್ಪಾಗಿ ಕಾಣುವುದು ಯಾಕೆ?

ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಒಂದು ವಿಷಯ ಕಂಡುಹಿಡಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕಾಂತದಿಂದ ಬಹಳ ಸ್ವಲ್ಪ ದೂರ ಸರಿಯುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕಾಂತದ ಕಡೆಗೆ ಸ್ವಲ್ಪ ಸೆಳೆಯಲ್ಪಡುತ್ತದೆ. ಅಂದರೆ ಖರ್ಚಾದ ರಕ್ತಕ್ಕೆ ಬೇರೆಯದೇ ಗುರುತು ಇದೆ.

ಅಪಧಮನಿಯ ಹಿಮೋಗ್ಲೋಬಿನ್ ಬಹುಪಾಲು ಆಮ್ಲಜನಕ ಹೊತ್ತಿರುತ್ತದೆ. ಮೆದುಳಿನ ಅಭಿಧಮನಿಯಲ್ಲಿ ಸುಮಾರು ಮೂರನೇ ಒಂದು ಭಾಗ ಖಾಲಿ. ಈ ಖಾಲಿ ಹಿಮೋಗ್ಲೋಬಿನ್ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಕೊಂಚ ಕೆಡಿಸುತ್ತದೆ. ಅಕ್ಕಪಕ್ಕದ ಪ್ರೋಟಾನುಗಳ ಲಯ ತಪ್ಪುತ್ತದೆ, ಸಂಕೇತ ಕ್ಷೀಣಿಸುತ್ತದೆ. ಚಿತ್ರದಲ್ಲಿ ಆ ಜಾಗ ಕಪ್ಪು. ಡಾಕ್ಟರು ತೋರಿಸಿದ ಕಪ್ಪು ಗೆರೆಗಳ ಗುಟ್ಟು ಇದು.

1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಪಾನ್ ಮೂಲದ ಸೇಜಿ ಒಗಾವಾ ಇಲಿಯ ಮೆದುಳಿನಲ್ಲಿ ಇಂಥ ಗೆರೆಗಳನ್ನು ತೋರಿಸಿದರು. ಇಲಿ ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಬದಲಿಸಿದಂತೆ ಗೆರೆಗಳೂ ಬದಲಾಗುತ್ತಿದ್ದವು. 1997ರಲ್ಲಿ ರೈಖೆನ್‌ಬಾಖ್, ಹಾಕೆ ಮತ್ತು ಸಂಗಡಿಗರು ಇದೇ ಗುಣವನ್ನು ಬಳಸಿ ಯಾವ ಇಂಜೆಕ್ಷನ್ ಇಲ್ಲದೆ ಮನುಷ್ಯನ ಮೆದುಳಿನ ಸಣ್ಣ ಅಭಿಧಮನಿಗಳ ಚಿತ್ರ ತೆಗೆದರು. ಈಗ ಇದಕ್ಕೆ ಎಸ್‌ಡಬ್ಲ್ಯುಐ ಎನ್ನುತ್ತಾರೆ. ಸಣ್ಣ ನಾಳ ಒಡೆದು ಹನಿ ರಕ್ತ ಸೋರಿದ್ದರೆ ಅದರ ಕಬ್ಬಿಣವೂ ಇದೇ ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಉಳಿದಿರುತ್ತದೆ.

ಇನ್ನೂ ಎರಡು ಬಗೆಯ ಅಳತೆಗಳಿವೆ. ಒಂದರಲ್ಲಿ ಹರಿಯುವ ರಕ್ತದ ವೇಗ ತಿಳಿಯುತ್ತದೆ. ಇನ್ನೊಂದರಲ್ಲಿ ದೊಡ್ಡ ಅಭಿಧಮನಿಯ ಸಂಕೇತ ಎಷ್ಟು ಬೇಗ ಆರುತ್ತದೆ ಎಂಬುದರಿಂದ ಅದರ ಆಮ್ಲಜನಕ ತಿಳಿಯುತ್ತದೆ. ಕೆಟಿಯವರು ಕತ್ತಿಗೆ ಸೂಜಿ ಚುಚ್ಚಿ ಮಾಡಿದ ಲೆಕ್ಕವನ್ನು ಇಂದು ಮಲಗಿರುವವರಿಗೆ ಏನೂ ಚುಚ್ಚದೆ ಮಾಡಬಹುದು.

6. ಬಿಪಿ ಏನು ಮಾಡುತ್ತದೆ?

ವರ್ಷಗಟ್ಟಲೆ ಹೆಚ್ಚು ಒತ್ತಡ ಇದ್ದರೆ ಸಣ್ಣ ಅಪಧಮನಿಗಳ ಗೋಡೆ ದಪ್ಪವಾಗಿ ಗಡಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಮೆದುಳಿನ ಒಳಗಿನ ಬಿಳಿ ಭಾಗಕ್ಕೆ ಉದ್ದನೆಯ ಸಣ್ಣ ನಾಳಗಳಿಂದಲೇ ರಕ್ತ ಬರಬೇಕಾದ್ದರಿಂದ ಮೊದಲ ಪೆಟ್ಟು ಅಲ್ಲಿಗೆ. ದಾದಿಯ ಚಿತ್ರದ ಬಿಳಿ ಮಚ್ಚೆಗಳು ಅಲ್ಲೇ ಇದ್ದವು.

ಬಹುಕಾಲ ಎಲ್ಲರೂ ಒಳಬರುವ ದಾರಿಯನ್ನೇ ನೋಡುತ್ತಿದ್ದರು. 1995ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡಿಕ್ಸನ್ ಮೂಡಿ ಮತ್ತು ಸಂಗಡಿಗರು ತೀರಿಕೊಂಡವರ ಮೆದುಳುಗಳನ್ನು ಪರೀಕ್ಷಿಸಿ ಒಂದು ಹೊಸ ಸಂಗತಿ ಹೇಳಿದರು. ಬಿಳಿ ಮಚ್ಚೆ ಹೆಚ್ಚಿದ್ದವರಲ್ಲಿ ಅಭಿಧಮನಿಗಳ ಗೋಡೆಯಲ್ಲೂ ಕೊಲಾಜೆನ್ ಎಂಬ ನಾರಿನ ಪದಾರ್ಥ ತುಂಬಿ ದಾರಿ ಕಿರಿದಾಗಿತ್ತು. ಅಂದಿನಿಂದ ಹೊರಹೋಗುವ ದಾರಿಯ ಕಡೆಗೂ ಗಮನ ಬಂತು. ಚರಂಡಿ ಕಟ್ಟಿದರೆ ನಲ್ಲಿ ಸರಿಯಿದ್ದರೂ ಮನೆ ಕೆಡುತ್ತದಲ್ಲ, ಹಾಗೆ. ಬದುಕಿರುವವರಲ್ಲಿ ಈ ನಾಳಗಳನ್ನು ನೋಡಲು ಈಗ ಎಸ್‌ಡಬ್ಲ್ಯುಐ ಇದೆ. 7 ಟೆಸ್ಲಾ ಯಂತ್ರಗಳಲ್ಲಿ ಇನ್ನೂ ಸಣ್ಣವು ಕಾಣುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಎರಡು ಸಂಗತಿ ಒಟ್ಟಿಗೆ ಕಂಡರೆ ಅದು ಸಹಸಂಬಂಧ ಮಾತ್ರ. ಒಂದು ಇನ್ನೊಂದಕ್ಕೆ ಕಾರಣ ಎಂದು ಅದರಿಂದಲೇ ಹೇಳಲಾಗದು ಎಂದು ನಾವು ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ ಭಾಗದಲ್ಲಿ ಓದಿದ್ದೇವೆ. ವಯಸ್ಸಾದಂತೆ ಬಿಪಿ ಏರುತ್ತದೆ, ಅಭಿಧಮನಿಯೂ ದಪ್ಪವಾಗುತ್ತದೆ. ಕಾರಣ ತಿಳಿಯಬೇಕಾದರೆ ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದರಲ್ಲಿ ಬಿಪಿಯನ್ನು ಹೆಚ್ಚು ಇಳಿಸಿ ನೋಡಬೇಕು.

7. ಇಳಿಸಿ ನೋಡಿದಾಗ

ಹಾಗೆ ಮಾಡಿದ ದೊಡ್ಡ ಅಧ್ಯಯನ ಅಮೆರಿಕದ ಸ್ಪ್ರಿಂಟ್. 50 ವರ್ಷ ದಾಟಿದ 9,361 ಜನ, ಸಕ್ಕರೆ ಕಾಯಿಲೆ ಇಲ್ಲದವರು. ಒಂದು ಗುಂಪಿನಲ್ಲಿ ಮೇಲಿನ ಬಿಪಿಯನ್ನು 140ಕ್ಕಿಂತ ಕಡಿಮೆ, ಇನ್ನೊಂದರಲ್ಲಿ 120ಕ್ಕಿಂತ ಕಡಿಮೆ ಮಾಡುವ ಗುರಿ. ಎರಡನೆಯ ಗುಂಪಿನಲ್ಲಿ ಹೃದಯದ ತೊಂದರೆ ಮತ್ತು ಸಾವು ಎಷ್ಟು ಕಡಿಮೆಯಾಯಿತೆಂದರೆ 2015ರಲ್ಲಿ ಅವಧಿಗೆ ಮೊದಲೇ ಚಿಕಿತ್ಸಾ ಪ್ರಯೋಗ ನಿಲ್ಲಿಸಿದರು.

ಇದರಲ್ಲಿ 449 ಜನರಿಗೆ ಆರಂಭದಲ್ಲೊಮ್ಮೆ, ಸುಮಾರು 4 ವರ್ಷದ ನಂತರ ಇನ್ನೊಮ್ಮೆ ಎಂಆರ್‌ಐ ಆಯಿತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಬಿಳಿ ಮಚ್ಚೆಗಳು 140ರ ಗುಂಪಿನಲ್ಲಿ ಸರಾಸರಿ 1.45 ಘನ ಸೆಂಟಿಮೀಟರ್ ಬೆಳೆದಿದ್ದವು, 120ರ ಗುಂಪಿನಲ್ಲಿ 0.92. ಅಂದರೆ ಸವಕಳಿ ನಿಲ್ಲಲಿಲ್ಲ, ಆದರೆ ನಿಧಾನವಾಯಿತು. ಪ್ರಾಮಾಣಿಕ ಲೆಕ್ಕದಲ್ಲಿ ಇನ್ನೊಂದು ಬದಿಯನ್ನೂ ಬರೆಯಬೇಕು. ಮೆದುಳಿನ ಒಟ್ಟು ಗಾತ್ರ 120ರ ಗುಂಪಿನಲ್ಲಿ ಸ್ವಲ್ಪ ಹೆಚ್ಚೇ ಕುಗ್ಗಿತ್ತು. ಬಿಪಿ ತೀರಾ ಇಳಿಯುವುದು, ಪ್ರಜ್ಞೆ ತಪ್ಪುವುದು ಕೂಡ ಆ ಗುಂಪಿನಲ್ಲಿ ಹೆಚ್ಚಿತ್ತು. ಹಾಗಾಗಿ ಯಾರಿಗೆ ಎಷ್ಟು ಇಳಿಸಬೇಕು ಎಂಬುದು ಡಾಕ್ಟರ ತೀರ್ಮಾನ. ಮಾತ್ರೆ ನಿಲ್ಲಿಸುವುದು ಹೇಗೆ ನಮ್ಮ ಕೆಲಸವಲ್ಲವೋ ಹೆಚ್ಚಿಸುವುದೂ ನಮ್ಮ ಕೆಲಸವಲ್ಲ. ಸ್ಪ್ರಿಂಟ್ ಅಳೆದದ್ದು ಮಚ್ಚೆಗಳನ್ನು, ಅಭಿಧಮನಿಗಳನ್ನಲ್ಲ ಎಂಬುದೂ ನೆನಪಿರಲಿ.

8. ನಮ್ಮ ಮನೆಯ ಪುಸ್ತಕ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 30ರಿಂದ 79 ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿತ್ತು. ಅವರಲ್ಲಿ ಸುಮಾರು 46% ಜನರಿಗೆ ಅದು ಗೊತ್ತೇ ಇರಲಿಲ್ಲ. ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಮಹಿಳೆಯರಲ್ಲಿ 21%, ಪುರುಷರಲ್ಲಿ 24% ಜನರಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ಎಲ್ಲರಿಗೂ ಎಂಆರ್‌ಐ ಮಾಡಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ದುಬಾರಿ, ಬೇಕೂ ಇಲ್ಲ. ಎಂಆರ್‌ಐ ಕಷ್ಟಪಟ್ಟು ತೋರಿಸಿದ ಪಾಠವನ್ನು ತೋಳಿನ ಪಟ್ಟಿ ಎರಡು ನಿಮಿಷದಲ್ಲಿ ಉಪಯೋಗಕ್ಕೆ ತರುತ್ತದೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುತ್ತಾರೆ. ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಸಣ್ಣ ಚಮಚ. ನಮ್ಮ ಮನೆಯ ಉಪ್ಪಿನಕಾಯಿ, ಹಪ್ಪಳ ಲೆಕ್ಕ ಹಾಕಿದರೆ ಅದು ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ರಮಜಾನಿನಲ್ಲಿ ರೋಜಾ ಇಡುವ ಹಿರಿಯರು ತಿಂಗಳು ಶುರುವಾಗುವ ಮುಂಚೆಯೇ ಡಾಕ್ಟರನ್ನು ಕಂಡು, ಮಾತ್ರೆಯನ್ನು ಸಹರಿಗೋ ಇಫ್ತಾರಿಗೋ ಎಂದು ಕೇಳಿಕೊಳ್ಳಬೇಕು. ತಾವೇ ಬಿಡಬಾರದು.

ದಾದಿ ಈಗ ಚೆನ್ನಾಗಿದ್ದಾರೆ. ಮಚ್ಚೆಗಳು ಹೋಗಿಲ್ಲ, ಹೋಗುವುದೂ ಇಲ್ಲ ಎಂದಿದ್ದಾರೆ ಡಾಕ್ಟರು. ಆ ಮೂರು ತಿಂಗಳ ಮಾತ್ರೆ ತಂದಿದ್ದರೆ ಆ ಬೆಳಿಗ್ಗೆ ತಪ್ಪುತ್ತಿತ್ತೇ ಎಂದು ನಾನು ಅವರನ್ನು ಕೇಳಲಿಲ್ಲ, ಕೇಳಲು ಧೈರ್ಯ ಬರಲಿಲ್ಲ. ಈಗ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ತಾರೀಕು, ಬಿಪಿ, ಮಾತ್ರೆ ಎಂದು ಮೂರು ಕಾಲಂ ಗೆರೆ ಹಾಕಿದ್ದೇನೆ. ದಾದಿ ಉರ್ದು ಅಂಕಿಯಲ್ಲಿ ತಾರೀಕು ಬರೆಯುತ್ತಾರೆ, ನಾನು ಬಿಪಿ ಬರೆಯುತ್ತೇನೆ. ತಿಂಗಳ ಕೊನೆಗೆ ಅಬ್ಬಾ ಸಹಿ ಹಾಕುತ್ತಾರೆ.

ಪುನರಾವರ್ತನೆಗೆ ಪ್ರಶ್ನೆಗಳು

1. ಅಪಧಮನಿ ಮತ್ತು ಅಭಿಧಮನಿಗಳ ವ್ಯತ್ಯಾಸವೇನು?
2. ಎಸ್‌ಡಬ್ಲ್ಯುಐ ಚಿತ್ರದಲ್ಲಿ ಅಭಿಧಮನಿ ಯಾಕೆ ಕಪ್ಪಾಗಿ ಕಾಣುತ್ತದೆ?
3. ಮೆದುಳಿಗೆ ನಿಮಿಷಕ್ಕೆ 700 ಮಿ.ಲೀ. ರಕ್ತ ಬರುತ್ತಿದ್ದು, 100 ಮಿ.ಲೀ.ಗೆ 7 ಮಿ.ಲೀ. ಆಮ್ಲಜನಕ ಖರ್ಚಾದರೆ ಒಟ್ಟು ಖರ್ಚು ಎಷ್ಟು?
4. ಒಟ್ಟು ರಕ್ತದ ಹರಿವು ಸರಿಯಿದ್ದರೂ ಬಿಪಿಯಿಂದ ಹಾನಿಯಾಗುವುದು ಹೇಗೆ?
5. ನಿಮ್ಮ ಮನೆಯ ಹಿರಿಯರ ಬಿಪಿ ಕೊನೆಯ ಬಾರಿ ನೋಡಿದ್ದು ಯಾವಾಗ? ಎಷ್ಟಿತ್ತು? (ಉತ್ತರ ಗೊತ್ತಿಲ್ಲದಿದ್ದರೆ ಇಂದೇ ಕೇಳಿ.)